65ನೇ ಪದದಿಂದಾಚೆ ಕಾಣೆ: ತೊಳೆಯದ ಮೆಮೊರಿ ಬಿಲ್ಡ್ ಒಡೆದ ಬಗೆ

ಪ್ರತಿ ಬದಲಾವಣೆಯನ್ನೂ ತಾನೇ ಕಟ್ಟಿ ಪರೀಕ್ಷಿಸುವ ಸಿಐ ಸರ್ವರಿನಲ್ಲಿ ಬಿಲ್ಡ್ ಬೀಳುತ್ತಿತ್ತು, ಲ್ಯಾಪ್‌ಟಾಪಿನಲ್ಲಿ ಪಾಸಾಗುತ್ತಿತ್ತು. ಅದೇ ಕಮಿಟ್, ಅದೇ ಕಂಟೇನರ್ ಇಮೇಜ್, ಅದೇ ಜಿಸಿಸಿ ಕಂಪೈಲರ್. ಎರರ್ ಮೆಸೇಜು ನೋಡಿದರೆ ತೀರಾ ಸಾಮಾನ್ಯದ್ದು: 'ಟೋಕ್_ಯೀಲ್ಡ್' ಎಂಬ ಹೆಸರನ್ನು ಎಲ್ಲೂ ಡಿಕ್ಲೇರ್ ಮಾಡಿಲ್ಲ ಎಂದು ಕಂಪೈಲರಿನ ದೂರು. ಹೆಸರು ಕೀವರ್ಡುಗಳ ಪದಪಟ್ಟಿಯ ಫೈಲಿನಲ್ಲಿ ಕಣ್ಣಿಗೆ ರಾಚುವಂತೆ ಇದೆ. ಆ ಪಟ್ಟಿಯನ್ನು ಓದಿ ಹೆಸರುಗಳನ್ನು ಡಿಕ್ಲೇರ್ ಮಾಡುವ ಹೆಡರ್ ಫೈಲ್ ಬರೆದುಕೊಡುವ ಸಣ್ಣ ಸಿ ಪ್ರೋಗ್ರಾಂ (ಜನರೇಟರ್) ಒಂದು ಬಿಲ್ಡಿನ ಮೊದಲ ಹಂತದಲ್ಲೇ ಓಡುತ್ತದೆ. ಅದು ಎರರ್ ಇಲ್ಲದೆ, ಎಕ್ಸಿಟ್ ಕೋಡ್ ಸೊನ್ನೆ ಕೊಟ್ಟು ಮುಗಿದಿದೆ. ಆದರೂ ಹೆಡರಿನಲ್ಲಿ ಆ ಹೆಸರಿಲ್ಲ.

ಇಂಥದ್ದು ಕಂಡಾಗ ಯಾರಿಗಾದರೂ ಮೊದಲು ಅನುಮಾನ ಬರುವುದು ಪ್ಯಾರಲಲ್ ಮೇಕ್ ಮೇಲೆ, ಅಂದರೆ ಬಿಲ್ಡಿನ ಹಂತಗಳನ್ನು ಒಟ್ಟೊಟ್ಟಿಗೆ ಓಡಿಸುವುದರ ಮೇಲೆ. ಮೇಕ್‌ಫೈಲಿನಲ್ಲಿ ಒಂದು ಡಿಪೆಂಡೆನ್ಸಿ ಬಿಟ್ಟುಹೋಗಿ, ಹೆಡರ್ ಪೂರ್ತಿ ಬರೆಯುವ ಮೊದಲೇ ಕಂಪೈಲರ್ ಅದನ್ನು ಓದಿಬಿಡುವುದು ಹೊಸದೇನಲ್ಲ. ಒಂದೇ ಜಾಬ್ ಇಟ್ಟು ಓಡಿಸಿದರೂ ಬಿತ್ತು. ಹಿಂದಿನ ಕಂಪೈಲ್ ಫಲಿತಾಂಶ ಉಳಿಸಿಡುವ ಸಿಕ್ಯಾಶ್ ಖಾಲಿ ಮಾಡಿದರೂ ಬಿತ್ತು. ಹೊಸ ಡೈರೆಕ್ಟರಿಯಲ್ಲಿ ಕ್ಲೋನ್ ಮಾಡಿದರೂ ಬಿತ್ತು. ಈ ಮೂರನ್ನೂ ಮಾಡಿ ಮುಗಿಸುವುದಕ್ಕೆ ಅರ್ಧ ದಿನ ಬೇಡ, ಮಾಡಲೇಬೇಕು. ಆದರೆ ನಾಲ್ಕನೆಯ ಸಲ 'ಮೇಕ್ ಕ್ಲೀನ್' ಹೊಡೆಯುವುದು ಬರೀ ಹರಕೆ.

ಅದರ ಬದಲು ಎರಡೂ ಕಡೆ ಹುಟ್ಟಿದ ಹೆಡರನ್ನೇ ತಂದು ಪಕ್ಕಪಕ್ಕ ಇಡಬೇಕು. ಬಿಲ್ಡ್ ಬಿದ್ದಾಗಲೂ ಜನರೇಟ್ ಆದ ಫೈಲುಗಳನ್ನು ಉಳಿಸಿಕೊಳ್ಳುವಂತೆ ಸಿಐಗೆ ಹೇಳಿಟ್ಟರೆ ಸಾಕು. ಡಿಫ್ ತೆಗೆದಾಗ ಲ್ಯಾಪ್‌ಟಾಪಿನ ಹೆಡರಿನಲ್ಲಿ 90 ಪದ, ಸಿಐ ಹೆಡರಿನಲ್ಲಿ 79. ಕಾಣೆಯಾದ ಹನ್ನೊಂದೂ ಒಟ್ಟಿಗೇ ಇದ್ದವು: 65ನೆಯದರಿಂದ 75ನೆಯದರವರೆಗೆ. 76ರಿಂದ ಮತ್ತೆ ಎಲ್ಲ ಸರಿ. ಮರುದಿನ ಸಿಐನ ಸೈಟ್ ಕಾನ್ಫಿಗ್ ಫೈಲಿಗೆ (ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುವ ಸೆಟ್ಟಿಂಗ್ ಫೈಲ್, ಜನರೇಟರ್ ಇದನ್ನೂ ಓದುತ್ತದೆ) ಯಾರೋ ಒಂದಿಷ್ಟು ಕಮೆಂಟ್ ಸಾಲು ಸೇರಿಸಿದರು. ಅಷ್ಟಕ್ಕೇ 65ರಿಂದ 90ರವರೆಗಿನ 26 ಪದಗಳೂ ಮಾಯವಾದವು. ಕಮೆಂಟ್ ಬರೆದರೆ ಕೀವರ್ಡ್ ಹೋಗುತ್ತದೆ ಎಂದರೆ ಹೊರಗಿನವರು ನಗುತ್ತಾರೆ. ಸಿ ಬರೆದವರಿಗೆ ಮಾತ್ರ 65 ಎಂಬ ಅಂಕಿಯೇ ಅರ್ಧ ಉತ್ತರ. 64ರ ಗಡಿ ದಾಟಿದ ತಕ್ಷಣ ಏನೋ ಕೆಡುತ್ತಿದೆ ಎಂದರೆ, ಎಲ್ಲೋ ಒಂದು ಟೇಬಲ್ ಇಮ್ಮಡಿಯಾಗುತ್ತಿದೆ.

ಜನರೇಟರಿನ ಒಳಗೆ ಹೀಗಿತ್ತು. ಒಂದೊಂದು ಪದಕ್ಕೂ 32 ಬೈಟಿನ ಒಂದು ಸ್ಟ್ರಕ್ಟ್, ಅಂದರೆ ಟೇಬಲಿನ ಒಂದು ದಾಖಲೆ: ಹೆಸರಿಗೆ 24 ಬೈಟ್, ಸಂಖ್ಯೆಗೆ 4, 'ಈ ಪದ ಈಗ ಬಳಕೆಯಲ್ಲಿಲ್ಲ' ಎಂದು ಗುರುತಿಸುವ ಫ್ಲ್ಯಾಗಿಗೆ 1, ಕೊನೆಯ 3 ಬೈಟ್ ಕಂಪೈಲರ್ ತಾನೇ ಸೇರಿಸಿದ ಪ್ಯಾಡಿಂಗ್. ಪ್ರೋಗ್ರಾಮಿನ ಮೇನ್ ಶುರುವಾದ ಕೂಡಲೇ ಮೆಮೊರಿ ಕೇಳುವ ಕ್ಯಾಲಾಕ್ ಫಂಕ್ಷನ್ ಕರೆದು 64 ಪದಗಳ ಟೇಬಲ್, ಅಂದರೆ 2,048 ಬೈಟ್. 65ನೇ ಪದ ಬಂದಾಗ ಜಾಗ ಹಿಗ್ಗಿಸುವ ರಿಅಲಾಕ್ ಕರೆದು 128ಕ್ಕೆ, ಅಂದರೆ 4,096 ಬೈಟಿಗೆ ಏರಿಸುವುದು. ಪಟ್ಟಿಯ ಸಾಲಿನಲ್ಲಿ ಮೂರನೆಯ ಕಾಲಂ ಇದ್ದರೆ ಫ್ಲ್ಯಾಗಿಗೆ 1 ಹಾಕುತ್ತದೆ. ಇಲ್ಲದಿದ್ದರೆ ಫ್ಲ್ಯಾಗನ್ನು ಮುಟ್ಟುವುದೇ ಇಲ್ಲ, ಅದು ಹೇಗೂ ಸೊನ್ನೆ ಇರುತ್ತದೆ ಎಂಬ ನಂಬಿಕೆ. ಕೊನೆಗೆ ಫ್ಲ್ಯಾಗ್ ಸೊನ್ನೆ ಇರುವ ಪದಗಳನ್ನಷ್ಟೇ ಹೆಡರಿಗೆ ಬರೆಯುತ್ತದೆ.

ಕ್ಯಾಲಾಕ್ ಜಾಗವನ್ನು ತೊಳೆದು, ಅಂದರೆ ಸೊನ್ನೆ ತುಂಬಿ, ಕೊಡುತ್ತದೆ. ಬರೀ ಜಾಗ ಕೊಡುವ ಮ್ಯಾಲಾಕ್ ತೊಳೆಯುವುದಿಲ್ಲ. ರಿಅಲಾಕ್ ಹಳೆಯ ಭಾಗವನ್ನು ನಕಲು ಮಾಡಿ, ಹೊಸದಾಗಿ ಸೇರಿಸಿದ ಭಾಗವನ್ನು ಇದ್ದ ಹಾಗೆಯೇ ಕೊಡುತ್ತದೆ; ಟೇಬಲ್ ಹುಟ್ಟುವಾಗ ಕ್ಯಾಲಾಕಿನಿಂದ ಬಂದಿತ್ತೇ ಎಂಬುದು ಅದಕ್ಕೆ ಬೇಕಾಗಿಲ್ಲ. ಹಾಗಾದರೆ ಲ್ಯಾಪ್‌ಟಾಪಿನಲ್ಲಿ ಯಾಕೆ ನಡೆಯುತ್ತಿತ್ತು? ಲಿನಕ್ಸ್ ಕರ್ನಲ್ ಪ್ರೋಸೆಸಿಗೆ ಹೊಸ ಪೇಜು ಕೊಡುವಾಗ ಸೊನ್ನೆ ತುಂಬಿಯೇ ಕೊಡುತ್ತದೆ, ಒಬ್ಬರ ಡೇಟಾ ಇನ್ನೊಬ್ಬರಿಗೆ ಕಾಣಬಾರದಲ್ಲ. ಹಾಗಾಗಿ ಯಾರೂ ಮುಟ್ಟದ ಪೇಜಿನಿಂದ ಮ್ಯಾಲಾಕ್ ತೆಗೆದುಕೊಟ್ಟ ಜಾಗ ಸೊನ್ನೆಯಾಗಿಯೇ ಕಾಣುತ್ತದೆ. ಅದೇ ಪ್ರೋಸೆಸ್ ಬಳಸಿ, ಫ್ರೀ ಮಾಡಿ, ಮತ್ತೆ ಪಡೆದ ಜಾಗದಲ್ಲಿ ಹಳೆಯದು ಉಳಿದಿರುತ್ತದೆ. ತೊಳೆಯದ ಪಾತ್ರೆಗೆ ಹಾಲು ಹಾಕುವುದು ಇದೇ. ಎಷ್ಟೋ ದಿನ ಏನೂ ಆಗುವುದಿಲ್ಲ, ಒಂದು ದಿನ ಒಡೆಯುತ್ತದೆ.

ಪಾತ್ರೆಯಲ್ಲಿ ಉಳಿದಿದ್ದು ಏನು ಎಂಬುದನ್ನು ಬೈಟ್ ಲೆಕ್ಕದಲ್ಲೇ ಹೇಳಬಹುದು. ಜನರೇಟರ್ ಮೊದಲು ಟೇಬಲಿಗೆ ಜಾಗ ತೆಗೆದುಕೊಳ್ಳುತ್ತದೆ. ಆಮೇಲೆ ಪದಪಟ್ಟಿ ತೆರೆದು ಅದರ ಮೊದಲ ಸಾಲಿನ ವರ್ಷನ್ ಓದುತ್ತದೆ. ನಂತರ ಸೈಟ್ ಕಾನ್ಫಿಗ್ ತೆರೆದು, ಪೂರ್ತಿ ಓದಿ, ಮುಚ್ಚುತ್ತದೆ. ಜಿಲಿಬ್‌ಸಿ ಎಂಬ ಸಿ ಲೈಬ್ರರಿಯಲ್ಲಿ ಫೈಲ್ ತೆರೆದು ಓದಲು ಶುರು ಮಾಡಿದಾಗ ಓದಿದ್ದನ್ನು ಇಟ್ಟುಕೊಳ್ಳಲು ಅದಕ್ಕೊಂದು ಬಫರ್ ಹೀಪಿನಿಂದಲೇ, ಅಂದರೆ ಮ್ಯಾಲಾಕ್ ಜಾಗ ಕೊಡುವ ಮೆಮೊರಿಯಿಂದಲೇ, ಹೋಗುತ್ತದೆ. ಸಾಮಾನ್ಯ ಡಿಸ್ಕ್ ಫೈಲಿಗೆ 4,096 ಬೈಟ್. ಕಾನ್ಫಿಗ್ ಫೈಲ್ ಕೊನೆಯಲ್ಲಿ ತೆರೆದದ್ದರಿಂದ ಅದರ ಬಫರ್ ಹೀಪಿನ ತುದಿಯಲ್ಲಿ ಇರುತ್ತದೆ. ಮುಚ್ಚಿದಾಗ ಆ ಜಾಗ ತುದಿಯ ಖಾಲಿ ಜಾಗಕ್ಕೆ ಸೇರಿಕೊಳ್ಳುತ್ತದೆ, ಒಳಗಿನ ಅಕ್ಷರಗಳನ್ನು ಯಾರೂ ಅಳಿಸುವುದಿಲ್ಲ. 65ನೇ ಪದ ಬಂದು ರಿಅಲಾಕ್ ಕರೆದಾಗ, ಟೇಬಲಿನ ಪಕ್ಕದಲ್ಲೇ ಪದಪಟ್ಟಿಯ ಫೈಲ್ ಸ್ಟ್ರಕ್ಟ್ ಕೂತಿರುವುದರಿಂದ ಇದ್ದಲ್ಲೇ ಹಿಗ್ಗಲು ಆಗುವುದಿಲ್ಲ. ತುದಿಯಿಂದ 4,096 ಬೈಟ್ ಹೊಸ ಜಾಗ ಸಿಗುತ್ತದೆ, ಸರಿಯಾಗಿ ಕಾನ್ಫಿಗ್ ಬಫರ್ ಇದ್ದ ಜಾಗವೇ. ಮೊದಲ 2,048 ಬೈಟಿನ ಮೇಲೆ ಹಳೆಯ ಟೇಬಲ್ ನಕಲಾಗುತ್ತದೆ. ಅಲ್ಲಿಂದಾಚೆ ಕಾನ್ಫಿಗ್ ಫೈಲಿನ 2,049ನೇ ಅಕ್ಷರದಿಂದ ಮುಂದಿನದೆಲ್ಲ ಹಾಗೆಯೇ ಕೂತಿರುತ್ತದೆ.

ಇನ್ನು ಗುಣಾಕಾರ. ಪ್ರತಿ ಸ್ಟ್ರಕ್ಟಿನಲ್ಲಿ ಫ್ಲ್ಯಾಗ್ 29ನೇ ಬೈಟ್. ಸಿಐ ಕಾನ್ಫಿಗ್ ಮೊದಲ ದಿನ 2,400 ಬೈಟ್ ಇತ್ತು. 75ನೇ ಪದದ ಫ್ಲ್ಯಾಗ್ ಬೀಳುವುದು 2,397ನೇ ಬೈಟಿನಲ್ಲಿ, ಅಲ್ಲಿ ಅಕ್ಷರವಿದೆ. 76ನೆಯದು ಬೀಳುವುದು 2,429ರಲ್ಲಿ, ಅಲ್ಲಿ ಫೈಲ್ ಮುಗಿದಿದೆ, ಸೊನ್ನೆ. ಆದ್ದರಿಂದ ಹೋದದ್ದು ಹನ್ನೊಂದೇ. ಕಮೆಂಟ್ ಸೇರಿಸಿದ ಮೇಲೆ ಫೈಲ್ 3,100 ಬೈಟಾಯಿತು, ಆಗ ಪಟ್ಟಿಯ ಬಾಲವೆಲ್ಲ ಹೋಯಿತು. ಲ್ಯಾಪ್‌ಟಾಪಿನ ಕಾನ್ಫಿಗ್ 900 ಬೈಟ್ ಮಾತ್ರ. 2,048 ಮುಟ್ಟುವುದೇ ಇಲ್ಲವಾದ್ದರಿಂದ ಅಲ್ಲಿ ಎಂದೂ ಬೀಳುವುದಿಲ್ಲ. ಜಾಗ, ಹೊಸಸಾಲು, ಅಕ್ಷರ, ಯಾವುದೂ ಸೊನ್ನೆ ಬೈಟ್ ಅಲ್ಲ, ಹಾಗಾಗಿ ಪಠ್ಯ ಬಿದ್ದ ಕಡೆಯೆಲ್ಲ ಫ್ಲ್ಯಾಗ್ ನಿಜವಾಗುತ್ತದೆ. ಇದರಲ್ಲಿ 'ರ‍್ಯಾಂಡಮ್' ಎನ್ನುವುದು ಒಂದು ಚೂರೂ ಇಲ್ಲ. ಇನಿಶಿಯಲೈಸ್ ಮಾಡದ ಮೆಮೊರಿಯನ್ನು ಎಲ್ಲರೂ ಕಸ ಎನ್ನುತ್ತಾರೆ, ಆದರೆ ಕಸಕ್ಕೂ ಒಂದು ವಿಳಾಸ ಇರುತ್ತದೆ. ಜಿಡಿಬಿ ಡಿಬಗ್ಗರಿನಲ್ಲಿ ಪ್ರೋಗ್ರಾಂ ನಿಲ್ಲಿಸಿ 65ನೇ ಸ್ಟ್ರಕ್ಟಿನ 32 ಬೈಟನ್ನು ಅಕ್ಷರವಾಗಿ ನೋಡಿದಾಗ, 'ಯೀಲ್ಡ್' ಹೆಸರಿನ ಐದು ಅಕ್ಷರ, ಒಂದು ಸೊನ್ನೆ, ಅದರ ಬೆನ್ನಿಗೇ ಕಾನ್ಫಿಗ್ ಫೈಲಿನ ಪಾತ್ ಒಂದರ ನಡುಭಾಗ. ಫ್ಲ್ಯಾಗಿನ ಜಾಗದಲ್ಲಿ 47, ಅಂದರೆ ಸ್ಲ್ಯಾಶ್ ಚಿಹ್ನೆ. ಫ್ಲ್ಯಾಗಿನಲ್ಲಿ 0 ಅಥವಾ 1 ಅಲ್ಲದೆ 32, 47, 101 ಇಂಥ ಅಂಕಿ ಕಂಡರೆ ಅದನ್ನು ಅಕ್ಷರ ಮಾಡಿ ಓದಿ. ಕಸ ಎಲ್ಲಿಂದ ಬಂತು ಎಂಬುದನ್ನು ಅದೇ ಬಾಯಿಬಿಡುತ್ತದೆ.

ಇಷ್ಟು ಸಲೀಸಾಗಿ ಜಿಡಿಬಿಯವರೆಗೆ ಯಾರೂ ಬರುವುದಿಲ್ಲ. ಮೊದಲು ಮಾಡುವುದು ನಡುವಿನ ಬೆಲೆಗಳನ್ನು ತೋರಿಸುವ ಪ್ರಿಂಟ್ಎಫ್ ಸಾಲು ಹಾಕುವುದು. ಹಾಕಿದ ಕೂಡಲೇ ಬಿಲ್ಡ್ ಪಾಸ್, ತೆಗೆದರೆ ಮತ್ತೆ ಫೇಲ್. ಇಲ್ಲಿಯೇ ಕಂಪೈಲರ್ ಬಗ್ ಎಂಬ ಮಾತು ಹುಟ್ಟುವುದು. ನಡೆಯುವುದು ಇಷ್ಟೇ: ಸ್ಟ್ಯಾಂಡರ್ಡ್ ಔಟ್‌ಪುಟ್ಟಿಗೆ ಮೊದಲ ಸಲ ಬರೆದಾಗ ಅದಕ್ಕೂ ಹೀಪಿನಿಂದ ಒಂದು ಬಫರ್ ಬೇಕು. ಸಿಐನಲ್ಲಿ ಔಟ್‌ಪುಟ್ ಪೈಪಿಗೆ ಹೋಗುವುದರಿಂದ ಅದು 4,096 ಬೈಟ್, ಟರ್ಮಿನಲ್ಲಿಗೆ ಹೋದರೆ 1,024. ಕಾನ್ಫಿಗ್ ಮುಚ್ಚಿದ ಮೇಲೆ ಪ್ರಿಂಟ್ ಮಾಡಿದರೆ ಆ ಕೊಳೆ ಜಾಗವನ್ನು ಪ್ರಿಂಟ್ಎಫ್ ಬಫರೇ ಹಿಡಿದುಕೊಂಡು ಕೂರುತ್ತದೆ, ಟೇಬಲಿಗೆ ಅದರಾಚೆಯ ಶುದ್ಧ ಜಾಗ ಸಿಗುತ್ತದೆ. ಟರ್ಮಿನಲ್ಲಿನಲ್ಲಾದರೆ ಟೇಬಲ್ ಸುಮಾರು ಸಾವಿರ ಬೈಟ್ ಮುಂದಕ್ಕೆ ಸರಿದು, 3,100 ಬೈಟಿನ ಕಾನ್ಫಿಗ್ ಕೂಡ ಅದರ ಹೊಸ ಅರ್ಧದ ಫ್ಲ್ಯಾಗುಗಳನ್ನು ಮುಟ್ಟುವುದಿಲ್ಲ. ಸ್ಟ್ಯಾಂಡರ್ಡ್ ಎರರಿಗೆ ಬಫರ್ ಇಲ್ಲ, ಅಲ್ಲಿಗೆ ಪ್ರಿಂಟ್ ಮಾಡಿದರೆ ಹೀಪ್ ಕದಲುವುದಿಲ್ಲ, ಬಗ್ ಇದ್ದಲ್ಲೇ ಇರುತ್ತದೆ. ಹೀಪ್ ಬಗ್ ಎಂದು ಅನುಮಾನ ಬಂದ ಮೇಲೆ ಡಿಬಗ್ ಸಾಲುಗಳೆಲ್ಲ ಸ್ಟ್ಯಾಂಡರ್ಡ್ ಎರರಿಗೇ ಹೋಗಲಿ.

ಆಲ್ಪೈನ್ ಲಿನಕ್ಸಿನ ಕಂಟೇನರಿನಲ್ಲಿ ಓಡಿಸಿ 'ಇಲ್ಲಿ ಸರಿಯಾಗಿದೆ' ಎನ್ನುವುದಕ್ಕೂ ಇದೇ ಗತಿ. ಅಲ್ಲಿನ ಮಸಲ್ ಎಂಬ ಸಿ ಲೈಬ್ರರಿಯಲ್ಲಿ ಫೈಲ್ ಬಫರ್ 1,024 ಬೈಟ್ ಮಾತ್ರ, ಹೀಪಿನ ನಕ್ಷೆಯೇ ಬೇರೆ.

ಹೀಪಿನ ಕಸವೇ ಕಾರಣವೆಂದು ಸಾಬೀತು ಮಾಡಲು ರೀಕಂಪೈಲ್ ಸಹ ಬೇಡ. ಜಿಲಿಬ್‌ಸಿಯಲ್ಲಿ 'ಮ್ಯಾಲಾಕ್_ಪರ್ಟರ್ಬ್_' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಇದೆ. ಎಲ್ಲವೂ ದೊಡ್ಡಕ್ಷರದಲ್ಲಿ, ಕೊನೆಯಲ್ಲಿ ಒಂದು ಅಂಡರ್‌ಸ್ಕೋರ್. ಆ ಅಂಡರ್‌ಸ್ಕೋರ್ ಮರೆತರೆ ಏನೂ ಆಗುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಅದಕ್ಕೆ ಒಂದು ಅಂಕಿ ಕೊಟ್ಟರೆ, ಫ್ರೀ ಆದ ಜಾಗಕ್ಕೆ ಆ ಅಂಕಿಯನ್ನೂ, ಹೊಸದಾಗಿ ಕೊಡುವ ಜಾಗಕ್ಕೆ ಅದರ ಬಿಟ್ಟುಗಳನ್ನು ತಿರುಗಿಸಿದ ಅಂಕಿಯನ್ನೂ ತುಂಬುತ್ತದೆ. ಕ್ಯಾಲಾಕ್ ಕೊಡುವ ಜಾಗಕ್ಕೆ ಇದು ಅನ್ವಯಿಸುವುದಿಲ್ಲ. 165 ಕೊಟ್ಟರೆ ಹೊಸ ಜಾಗದಲ್ಲೆಲ್ಲ 90 ತುಂಬಿರುತ್ತದೆ. 255 ಕೊಟ್ಟರೆ ಸೊನ್ನೆ. ಈ ಎರಡರ ಜೋಡಿ ಇದ್ದರೆ ಸಾಕು: ಮೇಕ್‌ನಿಂದ ಜನರೇಟರಿನ ಪೂರ್ತಿ ಕಮಾಂಡ್ ಹೊರತೆಗೆದು, 255 ಇಟ್ಟು ಒಮ್ಮೆ, 165 ಇಟ್ಟು ಒಮ್ಮೆ ಓಡಿಸಿ, ಎರಡು ಔಟ್‌ಪುಟ್ಟನ್ನು ಬೈಟ್ ಬೈಟಾಗಿ ಹೋಲಿಸುವ ಸಿಎಂಪಿ ಕಮಾಂಡಿಗೆ ಕೊಡುವುದು. ಲ್ಯಾಪ್‌ಟಾಪಿನಲ್ಲೇ, 900 ಬೈಟಿನ ಕಾನ್ಫಿಗ್ ಇಟ್ಟುಕೊಂಡೇ, 255ರಲ್ಲಿ 90 ಪದ ಬಂದವು, 165ರಲ್ಲಿ 64. ಹೀಪ್ ತುಂಬಿದ ಅಂಕಿಗೆ ತಕ್ಕಂತೆ ಔಟ್‌ಪುಟ್ ಬದಲಾದರೆ ವಾದಕ್ಕೆ ಜಾಗವಿಲ್ಲ. ಸಿಐನ ಬಗ್ ಕೈಗೆ ಸಿಕ್ಕಿದ್ದು ಇಲ್ಲಿ.

ತಪ್ಪಿನ ಸಾಲು ಹುಡುಕಲು, ಪ್ರೋಗ್ರಾಮಿನ ಮೆಮೊರಿ ಬಳಕೆಯನ್ನು ಪರೀಕ್ಷಿಸುವ ವ್ಯಾಲ್‌ಗ್ರಿಂಡ್. ಮೇಕ್ ಮೇಲೆಯೇ ವ್ಯಾಲ್‌ಗ್ರಿಂಡ್ ಹೂಡಿ ಮಕ್ಕಳ ಪ್ರೋಸೆಸುಗಳನ್ನೂ ಹಿಂಬಾಲಿಸು ಎಂದರೆ ಶೆಲ್, ಜಿಸಿಸಿ, ಲಿಂಕರ್ ಎಲ್ಲದರ ವರದಿ ಬಂದು ತಲೆ ಕೆಡುತ್ತದೆ. ಜನರೇಟರ್ ಒಂದನ್ನೇ ಓಡಿಸಬೇಕು, 'ಟ್ರ್ಯಾಕ್-ಆರಿಜಿನ್ಸ್' ಆಯ್ಕೆಗೆ 'ಯೆಸ್' ಕೊಟ್ಟು. ಇಪ್ಪತ್ತು ಮೂವತ್ತು ಪಟ್ಟು ನಿಧಾನವಾದರೂ ಇಷ್ಟು ಸಣ್ಣ ಪ್ರೋಗ್ರಾಮಿಗೆ ಅದು ಲೆಕ್ಕಕ್ಕಿಲ್ಲ. ಅದರ ದೂರು ಎರಡು ತುಂಡಾಗಿ ಬರುತ್ತದೆ: ಈ ಸಾಲಿನ ಇಫ್ ತೀರ್ಮಾನ ಇನಿಶಿಯಲೈಸ್ ಆಗದ ಬೆಲೆಯ ಮೇಲೆ ನಿಂತಿದೆ ಎಂದು ಒಂದು, ಆ ಬೆಲೆ ಹುಟ್ಟಿದ್ದು ಇಂಥ ರಿಅಲಾಕ್ ಕರೆಯಲ್ಲಿ ಎಂದು ಇನ್ನೊಂದು. ಆರಿಜಿನ್ಸ್ ಹಾಕದಿದ್ದರೆ ಮೊದಲನೆಯದಷ್ಟೇ ಸಿಗುತ್ತದೆ, ಹೆಡರ್ ಬರೆಯುವ ಅಮಾಯಕ ಸಾಲನ್ನು ಎಲ್ಲರೂ ದಿಟ್ಟಿಸುತ್ತ ಕೂರಬೇಕಾಗುತ್ತದೆ. ವ್ಯಾಲ್‌ಗ್ರಿಂಡ್ ಕಸವನ್ನು ನಕಲು ಮಾಡಿದ್ದಕ್ಕೆ ಗದರುವುದಿಲ್ಲ. ಅದರ ಮೇಲೆ ತೀರ್ಮಾನ ಮಾಡಿದಾಗ, ಅದನ್ನು ಅಡ್ರೆಸ್ ಆಗಿ ಬಳಸಿದಾಗ ಅಥವಾ ಸಿಸ್ಟಂ ಕಾಲ್‌ಗೆ ಕೊಟ್ಟಾಗ ಮಾತ್ರ ಗದರುತ್ತದೆ. ಅದಕ್ಕೇ ದೂರು ಬರುವ ಜಾಗ ತಪ್ಪು ನಡೆದ ಜಾಗದಿಂದ ದೂರ ಇರುತ್ತದೆ. ಇನ್ನೊಂದು ವಿಷಯ: ವ್ಯಾಲ್‌ಗ್ರಿಂಡ್ ತನ್ನದೇ ಮ್ಯಾಲಾಕ್ ತರುತ್ತದೆ, ಹೀಪಿನ ನಕ್ಷೆ ಬದಲಾಗಿ ಹೆಡರ್ ಸರಿಯಾಗಿಯೇ ಬರಬಹುದು. ಔಟ್‌ಪುಟ್ ಸರಿ ಬಂತು ಎಂದು ವರದಿಯನ್ನು ಬದಿಗಿಡುವಂತಿಲ್ಲ.

ಕಂಪೈಲರಿನ ಜೊತೆಗೇ ಬರುವ ಅಡ್ರೆಸ್ ಸ್ಯಾನಿಟೈಸರ್ ಎಂಬ ಮೆಮೊರಿ ಪರೀಕ್ಷಕ ಈ ಜಾತಿಯ ತಪ್ಪನ್ನು ಹಿಡಿಯುವುದೇ ಇಲ್ಲ, ಅದರ ಕೆಲಸ ಬೇರೆ. ಆದರೆ ಅದರ ಮ್ಯಾಲಾಕ್ ಹೊಸ ಜಾಗದ ಮೊದಲ 4,096 ಬೈಟಿಗೆ 190 ತುಂಬುತ್ತದೆ. ಹಾಗಾಗಿ ಆ ಬಿಲ್ಡಿನಲ್ಲಿ ಎಲ್ಲರ ಯಂತ್ರದಲ್ಲೂ 26 ಪದ ಹೋಗುತ್ತವೆ, ಸ್ಯಾನಿಟೈಸರ್ ಮಾತ್ರ ಏನೂ ಹೇಳದೆ ಸುಮ್ಮನಿರುತ್ತದೆ. ಅದನ್ನು 'ಸ್ಯಾನಿಟೈಸರ್ ಬಿಲ್ಡಿನ ತಕರಾರು' ಎಂದು ತಳ್ಳಿಹಾಕುವುದು ಈ ಕಥೆಯಲ್ಲಿ ಅತಿ ದುಬಾರಿ ತಪ್ಪು. ಇನಿಶಿಯಲೈಸ್ ಆಗದ ಓದನ್ನು ಹಿಡಿಯುವುದು ಮೆಮೊರಿ ಸ್ಯಾನಿಟೈಸರ್. ಅದು ಕ್ಲ್ಯಾಂಗ್ ಕಂಪೈಲರಿನಲ್ಲಿದೆ, ಜಿಸಿಸಿಯಲ್ಲಿಲ್ಲ. ಸುಮಾರು ಮೂರು ಪಟ್ಟು ನಿಧಾನ ಅಷ್ಟೆ, ಆದರೆ ಪ್ರೋಗ್ರಾಂ ಬಳಸುವ ಲೈಬ್ರರಿಗಳೆಲ್ಲ ಅದೇ ಆಯ್ಕೆಯಲ್ಲಿ ಕಂಪೈಲ್ ಆಗಿರಬೇಕು, ಇಲ್ಲವಾದರೆ ಸುಳ್ಳು ದೂರುಗಳ ಸುರಿಮಳೆ. ಸಿ ಲೈಬ್ರರಿ ಬಿಟ್ಟರೆ ಬೇರೇನೂ ಬಳಸದ ಇಂಥ ಜನರೇಟರುಗಳಿಗೆ ಆ ತೊಂದರೆ ಇಲ್ಲ.

ಕಂಪೈಲರ್ ವಾರ್ನಿಂಗ್ ಇಲ್ಲಿ ಉಪಯೋಗಕ್ಕೆ ಬರಲಿಲ್ಲ, ಯಾಕೆಂದರೆ ಜಾಗ ಹೀಪಿನದು. ಫಂಕ್ಷನ್ನಿನೊಳಗಿನ ಲೋಕಲ್ ವೇರಿಯಬಲ್ ಆಗಿದ್ದರೆ ಜಿಸಿಸಿಯ 'ಡಬ್ಲ್ಯು-ಆಲ್' ಹಿಡಿಯಬಹುದಿತ್ತು, ಅದೂ ಆಪ್ಟಿಮೈಸೇಶನ್ ಇಟ್ಟಿದ್ದರೆ. ಆಪ್ಟಿಮೈಸೇಶನ್ ಇಲ್ಲದ ಓ0ಯಲ್ಲಿ ಬೆಲೆಗಳ ಹರಿವನ್ನು ಅದು ಅಷ್ಟು ದೂರ ಹಿಂಬಾಲಿಸುವುದಿಲ್ಲ. ಲೋಕಲ್ ವೇರಿಯಬಲ್ಲುಗಳು ಕೂರುವ ಸ್ಟ್ಯಾಕಿನ ಕಸ ಇನ್ನೂ ಚಂಚಲ. ಎನ್ವಿರಾನ್‌ಮೆಂಟ್ ವೇರಿಯಬಲ್ಲುಗಳು ಸ್ಟ್ಯಾಕಿನ ಮೇಲ್ತುದಿಯಲ್ಲಿ ಇರುವುದರಿಂದ, ಡೈರೆಕ್ಟರಿ ಹೆಸರು ಉದ್ದವಾದರೂ ಅಡ್ರೆಸುಗಳು ಕದಲುತ್ತವೆ. ಜಿಡಿಬಿ ತಾನೇ ಎರಡು ವೇರಿಯಬಲ್ ಸೇರಿಸುತ್ತದೆ, ಅಡ್ರೆಸ್ ರ‍್ಯಾಂಡಮೈಸೇಶನ್ನನ್ನೂ ನಿಲ್ಲಿಸಿಬಿಡುತ್ತದೆ. ಲೋಕಲ್ ವೇರಿಯಬಲ್ಲುಗಳಿಗೆ ಕಂಪೈಲರೇ ಒಂದು ಮಾದರಿ ತುಂಬಿಕೊಡುವ 'ಟ್ರಿವಿಯಲ್-ಆಟೊ-ವಾರ್-ಇನಿಟ್' ಆಯ್ಕೆ 2019ರ ಕ್ಲ್ಯಾಂಗ್ 8ರಿಂದಲೂ 2022ರ ಜಿಸಿಸಿ 12ರಿಂದಲೂ ಇದೆ. ಅದಕ್ಕೆ 'ಪ್ಯಾಟರ್ನ್' ಕೊಟ್ಟು ಒಮ್ಮೆ, 'ಜೀರೋ' ಕೊಟ್ಟು ಒಮ್ಮೆ ಬಿಲ್ಡ್ ಮಾಡಿ ಹೋಲಿಸಿದರೆ ಸ್ಟ್ಯಾಕಿಗೂ 255-165ರ ಪರೀಕ್ಷೆಯೇ ಸಿಕ್ಕಂತೆ. ತಪ್ಪು ಹುಡುಕುವಾಗ ಬರೀ 'ಜೀರೋ' ಇಟ್ಟುಕೊಳ್ಳಬೇಡಿ, ಅದು ಕಸವನ್ನು ಚಾಪೆಯಡಿ ಸರಿಸುತ್ತದೆ.

ವಾರ್ನಿಂಗ್ ಬಾಯಿ ಮುಚ್ಚಿಸಲು ಸಿಕ್ಕಿದ್ದಕ್ಕೆಲ್ಲ ಸೊನ್ನೆ ಬರೆಯುವುದೂ, ಸಿಕ್ಕಿದ ಸಾಲನ್ನು ಅಳಿಸುವುದೂ ಒಂದೇ ಚಾಳಿ. ಡೆಬಿಯನ್ ಲಿನಕ್ಸಿನಲ್ಲಿ ಗೂಢಲಿಪಿ ಕೆಲಸಕ್ಕಿರುವ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ 2006ರಲ್ಲಿ ವ್ಯಾಲ್‌ಗ್ರಿಂಡ್ ದೂರು ಹೇಳಿತೆಂದು ಎರಡು ಸಾಲು ತೆಗೆದರು. ಅದರಲ್ಲಿ ಒಂದು, ರ‍್ಯಾಂಡಮ್ ಸಂಖ್ಯೆಗೆ ಬೇಕಾದ ಎಂಟ್ರೊಪಿಯನ್ನೆಲ್ಲ (ಊಹಿಸಲಾಗದ ಮಾಹಿತಿ) ಬೆರೆಸುತ್ತಿದ್ದ ಸಾಲೇ. ಉಳಿದದ್ದು ಪ್ರೋಸೆಸ್ ಐಡಿ ಮಾತ್ರ, ಅದು ತಾಳಬಹುದಾದ ಬೆಲೆಗಳು ಹೆಚ್ಚೆಂದರೆ 32,768. 2008ರ ಮೇ 13ರಂದು ವಿಷಯ ಪ್ರಕಟವಾದಾಗ ಆ ನಡುವೆ ಆ ಪ್ಯಾಕೇಜಿನಲ್ಲಿ ಹುಟ್ಟಿದ ಎಸ್‌ಎಸ್‌ಎಚ್ ಕೀಗಳನ್ನು ಬಿಸಾಡಿ ಹೊಸದು ಮಾಡಬೇಕಾಯಿತು. ವ್ಯಾಲ್‌ಗ್ರಿಂಡ್ ತೋರಿಸುವುದು ಕಸದ ಬಳಕೆಯನ್ನು. ಏನನ್ನು ತೆಗೆಯಬೇಕು ಎಂಬುದನ್ನಲ್ಲ.

ರಿಪೇರಿಗೆ ಬರೋಣ. ಮೊದಲ ಪ್ಯಾಚಿನಲ್ಲಿ ರಿಅಲಾಕ್ ಆದ ಮೇಲೆ ಹೊಸ ಅರ್ಧಕ್ಕೆ ಸೊನ್ನೆ ತುಂಬಲು ಮೆಮ್‌ಸೆಟ್ ಬಂತು, ಅಳತೆಯ ಜಾಗದಲ್ಲಿ 64. ಮೆಮ್‌ಸೆಟ್ ಎಣಿಸುವುದು ಬೈಟನ್ನು, ಪದವನ್ನಲ್ಲ. 64 ಬೈಟ್ ಎಂದರೆ ಎರಡೇ ಸ್ಟ್ರಕ್ಟ್. 65, 66ನೇ ಪದ ಬಂದವು, ಉಳಿದ 24 ಬರಲಿಲ್ಲ. ಟೋಕ್_ಯೀಲ್ಡ್ ಎರರ್ ಹೋಗಿ ಬೇರೆ ಹೆಸರಿನ ಎರರ್ ಬಂದದ್ದರಿಂದ ಇದು ಬೇರೆಯೇ ಬಗ್ ಎಂದು ಒಂದು ಹೊತ್ತು ಹೋಯಿತು. ಎರಡನೆಯ ಪ್ಯಾಚ್ ಮೆಮ್‌ಸೆಟ್ ಬಿಟ್ಟು, ಮೂರನೆಯ ಕಾಲಂ ಇಲ್ಲದಿದ್ದರೆ ಫ್ಲ್ಯಾಗಿಗೆ ಸೊನ್ನೆ ಎಂದು ಎಲ್ಸ್ ಬರೆಯಿತು. ಹೆಡರ್ ಸರಿಹೋಯಿತು, ಸಿಐ ಹಸಿರಾಯಿತು.

ಆದರೆ ಇದೇ ಜನರೇಟರ್ ಟೇಬಲನ್ನು ಇದ್ದ ಹಾಗೆ ಒಂದು ಕ್ಯಾಶ್ ಫೈಲಿಗೂ ಬರೆಯುತ್ತದೆ, 90 ಪದಕ್ಕೆ 2,880 ಬೈಟ್. 255 ಮತ್ತು 165ರಲ್ಲಿ ಹುಟ್ಟಿದ ಎರಡು ಕ್ಯಾಶ್ ಫೈಲನ್ನು ಸಿಎಂಪಿಗೆ 'ಎಲ್' ಆಯ್ಕೆ ಕೊಟ್ಟು ಹೋಲಿಸಿದರೆ ಮೊದಲ ಸಾಲೇ '2055 0 132'. ಆ 132 ಆಕ್ಟಲ್, ದಶಮಾನದಲ್ಲಿ 90. 2,055ರಿಂದ 2,072ರವರೆಗಿನ ಹದಿನೆಂಟು ಬೈಟ್ ಯೀಲ್ಡ್ ಹೆಸರಿನ ಬಾಲ, ಸ್ಟ್ರ್‌ಕಾಪಿ ಸೊನ್ನೆ ಸಿಕ್ಕ ಕೂಡಲೇ ನಿಂತುಬಿಡುತ್ತದೆ. 2,078ರಿಂದ 2,080 ಆ ಮೂರು ಪ್ಯಾಡಿಂಗ್ ಬೈಟ್. ಇವನ್ನು ಯಾರೂ ಓದುವುದಿಲ್ಲ, ಪ್ರೋಗ್ರಾಮಿಗೆ ತೊಂದರೆಯಿಲ್ಲ. ಆದರೆ ಬಿಲ್ಡ್ ಸಿಸ್ಟಂ ಫೈಲಿನ ಹ್ಯಾಶ್ (ಒಳಗಿನ ಬೈಟುಗಳಿಂದ ಲೆಕ್ಕ ಹಾಕಿದ ಗುರುತು) ನೋಡಿ ಮುಂದಿನದನ್ನು ಮತ್ತೆ ಕಟ್ಟಬೇಕೇ ಎಂದು ನಿರ್ಧರಿಸುತ್ತದೆ. ಸೋರ್ಸ್ ಬದಲಾಗದಿದ್ದರೂ ಎರಡು ಯಂತ್ರದಲ್ಲಿ ಎರಡು ಹ್ಯಾಶ್ ಬಂದು, ಕ್ಯಾಶ್ ಸಿಗದೆ, ಅದರ ಮೇಲೆ ನಿಂತ ಎಲ್ಲವೂ ಮತ್ತೆ ಕಂಪೈಲ್ ಆಗುತ್ತಿದ್ದ ಹಳೆಯ ಗುಟ್ಟು ಹೊರಬಿದ್ದದ್ದು ಇಲ್ಲಿ. ಜೊತೆಗೆ ಆ ಬೈಟುಗಳಲ್ಲಿ ಹೋಗುತ್ತಿದ್ದದ್ದು ಕಾನ್ಫಿಗ್ ಫೈಲಿನ ತುಣುಕುಗಳು. ಅಲ್ಲಿ ಪಾತ್ ಬದಲು ಪಾಸ್‌ವರ್ಡ್ ಇದ್ದಿದ್ದರೆ ಅದೂ ಹೋಗುತ್ತಿತ್ತು.

ಕೊನೆಗೆ ನಿಂತ ಪ್ಯಾಚಿನಲ್ಲಿ ಎರಡೂ ಇವೆ: ಎಲ್ಸ್‌ನಲ್ಲಿ ಫ್ಲ್ಯಾಗಿಗೆ ಸೊನ್ನೆ, ರಿಅಲಾಕ್ ಆದೊಡನೆ ಹೊಸ ಭಾಗಕ್ಕೆ ಮೆಮ್‌ಸೆಟ್, ಅಳತೆ 64 ಗುಣಿಸು ಸ್ಟ್ರಕ್ಟಿನ ಸೈಜ್ಆಫ್, ಅಂದರೆ 2,048. ಓಪನ್‌ಬಿಎಸ್‌ಡಿಯಲ್ಲಿ ಹಿಗ್ಗಿಸಿ ತೊಳೆದೂ ಕೊಡುವ 'ರಿಕ್ಯಾಲಾಕ್‌ಅರೇ' ಎಂಬ ಫಂಕ್ಷನ್ನೇ ಇದೆ. ಜಿಲಿಬ್‌ಸಿಯಲ್ಲಿ ಕೈಯಾರೆ ತೊಳೆಯಬೇಕು. ಸಿಐನಲ್ಲಿ ಈಗ ಜನರೇಟರ್ ಎರಡು ಸಲ ಓಡುತ್ತದೆ, 255ರಲ್ಲೊಮ್ಮೆ 165ರಲ್ಲೊಮ್ಮೆ. ಹೆಡರಿಗೂ ಕ್ಯಾಶ್ ಫೈಲಿಗೂ ಸಿಎಂಪಿ ಏನೂ ಹೇಳದಿದ್ದರೆ ಮಾತ್ರ ಕಂಪೈಲ್ ಶುರು.